ಚಿಗರಿ ಮುತ್ಯಾನ ಊಟ

ಹುಣಸೀಮಟ್ಟಿಯಲ್ಲಿ ಚಿಗರಿಗಳು ಹೊಲಕ್ಕೆ ಬರುವ ಮೊದಲೇ ಅವುಗಳ ಹಸಿವಿನ ಸುದ್ದಿ ಬರುತ್ತಿತ್ತು. ಸುದ್ದಿ ಹೇಳುವವಳು ಹಾಲವ್ವ. ಊರ ಹೊರಗಿನ ಹಳೆಯ ಬೀಜದ ಗೋದಾಮಿನಲ್ಲಿ, ಗೋಡೆಯ ತುಂಬ ಹರಡಿದ ಪರದೆಯ ಮುಂದೆ ಕೂತು ಅವಳು ಚುಕ್ಕಿಗಳನ್ನು ಕಾಯುತ್ತಿದ್ದಳು. ಒಂದೊಂದು ಚುಕ್ಕಿ ಒಂದೊಂದು ಚಿಗರಿ. ಹೊಟ್ಟೆ ತುಂಬಿದ್ದರೆ ಚುಕ್ಕಿ ಹಸಿರು, ಅರೆಹೊಟ್ಟೆಯಾದರೆ ಹಳದಿ, ಹಸಿದಿದ್ದರೆ ಕೆಂಪು. ಕೆಂಪು ಚುಕ್ಕಿಗಳ ಗುಂಪು ಕಾಡಿನ ಅಂಚು ದಾಟಿ ಹೊಲದ ಕಡೆ ಜರುಗಿತೆಂದರೆ ಹಾಲವ್ವ ಫೋನೆತ್ತುವಳು.

"ಶೇಖಪ್ಪಣ್ಣಾ, ಹಸದ ಹಿಂಡು ನಿಮ್ಮ ಹೊಲದ ಬಡಗಣ ಬದುವಿಗೆ ಹೊಂಟೈತಿ ನೋಡ್ರಿ. ಹೋಗಿ ನಿಂದರ್ರಿ."

ರಾಣೆಬೆನ್ನೂರು ಸೀಮೆಯ ಆ ಕುರುಚಲು ಕಾಡು ಚಿಗರಿಗಳದ್ದು. ಓದಿದವರು ಕೃಷ್ಣಮೃಗ ಎನ್ನುವುದು ಅವನ್ನೇ. ಮುಂಗಾರು ಬಿದ್ದು ಗೋವಿನಜೋಳ ಗೇಣುದ್ದ ಎದ್ದಿತೆಂದರೆ ಸಾಕು, ಹಿಂಡುಹಿಂಡಾಗಿ ಬಂದು ಸಸಿಗಳ ಸುಳಿಯನ್ನೇ ಚಿವುಟಿಕೊಂಡು ಹೋಗುತ್ತಿದ್ದವು. ಸುಳಿ ಹೋದ ಸಸಿ ಹೋದಂತೆಯೇ. ಹೊಡೆಯುವಂತಿಲ್ಲ, ಹಿಡಿಯುವಂತಿಲ್ಲ. ಬೇಲಿ ಹಾಕಿದರೆ ಜಿಗಿಯುತ್ತವೆ. ಪಟಾಕಿ ಹಾರಿಸಿದರೆ ನಾಲ್ಕು ದಿನ ಓಡಿ, ಆಮೇಲೆ ಕಿವಿಯನ್ನೂ ಅಲುಗಿಸುವುದಿಲ್ಲ. ರೈತರು ಹೆಂಡತಿ ಮಕ್ಕಳ ಸಮೇತ ಹೊಲದಲ್ಲೇ ಕಾವಲು ಕೂತು ಬೇಸತ್ತಿದ್ದ ಕಾಲಕ್ಕೆ ಡಾಕ್ಟರ್ ತಸ್ನೀಮ್ ತಮ್ಮ ಗುಂಡುಗಳನ್ನು ತಂದರು.

ತಸ್ನೀಮ್ ಸವಣೂರಿನವರು. ಓದಿದ್ದು ದನದ ವೈದ್ಯಕೀಯ, ಹುಚ್ಚು ಹಿಡಿದದ್ದು ಕಾಡುಪ್ರಾಣಿಗಳದ್ದು. ಅವರ ಗುಂಡು ನೋಡಲು ಹುಣಸೆ ಬೀಜದಷ್ಟು, ಕೈಗೆತ್ತಿಕೊಂಡರೆ ಸೀಸದಷ್ಟು ಭಾರ. ಬೆಲ್ಲ, ಉಪ್ಪು ಕಲಸಿದ ಉಂಡೆಯೊಳಗೆ ಅದನ್ನು ಹುದುಗಿಸಿ ಚಿಗರಿಗಳು ನೀರು ಕುಡಿಯುವ ಹೊಂಡದ ಬಳಿ ಇಡುತ್ತಿದ್ದರು. ನುಂಗಿದ ಗುಂಡು ತನ್ನ ಭಾರಕ್ಕೆ ಚಿಗರಿಯ ಮೊದಲ ಹೊಟ್ಟೆಯ ತಳ ಸೇರಿ ಅಲ್ಲೇ ನಿಲ್ಲುತ್ತಿತ್ತು. ಆ ಹೊಟ್ಟೆ ಮೇವನ್ನು ಸದಾ ಕಡೆಯುತ್ತಿರುತ್ತದೆ. ಆ ಕಡೆತವೇ ಗುಂಡಿಗೆ ವಿದ್ಯುತ್ತು ಕೊಡುತ್ತಿತ್ತು. ಒಳಗೆ ಮೇವೆಷ್ಟು, ಬಿಸಿಯೆಷ್ಟು, ಹುಳಿಯೆಷ್ಟು, ಪ್ರಾಣಿ ಎಷ್ಟು ಹೊತ್ತು ಮೆಲುಕು ಹಾಕಿತು, ಎಲ್ಲವನ್ನೂ ಗುಂಡು ಕಾಡಂಚಿನ ಕಂಬಗಳಿಗೆ ಹೇಳುತ್ತಿತ್ತು, ಕಂಬಗಳು ಗೋದಾಮಿಗೆ ಹೇಳುತ್ತಿದ್ದವು.

ಮೊದಮೊದಲು ರೈತರಿಗೆ ಯಂತ್ರವೇ ಕರೆ ಮಾಡುತ್ತಿತ್ತು. ಅದರ ಸಪ್ಪೆ ದನಿಗೆ ಯಾರೂ ಎದ್ದು ಹೋಗಲಿಲ್ಲ. "ಬ್ಯಾಂಕಿನವರು ಸಾಲ ಬೇಕೇನು ಅಂತ ಕೇಳಿದಂಗ ಕೇಳ್ತೈತಿ" ಎಂದು ಫೋನಿಡುತ್ತಿದ್ದರು. ಹತ್ತಿ ಹೊಲಗಳಲ್ಲಿ ಬೀಜಕ್ಕಾಗಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೂಲಿಗೆ ಹೋಗುತ್ತಿದ್ದ ಹಾಲವ್ವನಿಗೆ ಊರಲ್ಲಿ ಎಲ್ಲರ ಸಲಿಗೆಯಿತ್ತು, ಗಂಟಲೂ ಇತ್ತು. ತಸ್ನೀಮ್ ಅವಳನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ಹಾಲವ್ವ ಕರೆದರೆ ಜನ ಎದ್ದರು. ಬದುವಿನ ಮೇಲೆ ಒಬ್ಬ ಮನುಷ್ಯ ನಿಂತದ್ದು ಕಂಡರೆ ಸಾಕು, ಹಿಂಡು ಕತ್ತು ಎತ್ತಿ ನೋಡಿ ಬಂದ ದಾರಿ ಹಿಡಿಯುತ್ತಿತ್ತು. ರಾತ್ರಿಯೆಲ್ಲ ಕಾಯುವುದು ತಪ್ಪಿತು. ಚಹಾ ಅಂಗಡಿಯಲ್ಲಿ ಜನ ಮಳೆಯ ಮಾತಾಡಿದಂತೆ "ಇವತ್ತ ಎಲ್ಲಾ ಹಸಿರ ಅದಾವಂತ, ಆರಾಮ ಕುಂದರ್ರಿ" ಎಂದು ಮಾತಾಡತೊಡಗಿದರು.

ಹಾಲವ್ವನ ಈ ಕೆಲಸದಿಂದ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳ ಅತ್ತೆ ಮಾಳವ್ವ. "ನನ್ನ ಸೊಸಿ ಕುರ್ಚಿ ಮ್ಯಾಲ ಕುಂತು ಚಿಗರಿ ಹೊಟ್ಟಿ ನೋಡತಾಳ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮನೆಯ ನಡೆ ಮಾತ್ರ ಬದಲಾಗಿತ್ತು. ಮುಂಚೆ ಹಾಲವ್ವ ದಿನಾ ಬೆಳಿಗ್ಗೆ ಬಿಸಿರೊಟ್ಟಿ ಬಡಿಯುತ್ತಿದ್ದಳು. ಈಗ ಹೊತ್ತು ಮೂಡುವಷ್ಟರಲ್ಲಿ ಪರದೆಯ ಮುಂದಿರಬೇಕು. ಹೀಗಾಗಿ ವಾರಕ್ಕೊಮ್ಮೆ ಕೂತು ಕಟಕರೊಟ್ಟಿ ಮಾಡಿ, ಒಣಗಿಸಿ, ಬುಟ್ಟಿ ತುಂಬಿಡುತ್ತಿದ್ದಳು. ಗಂಡ ಬೀರಪ್ಪ ಕಟಕರೊಟ್ಟಿಯನ್ನು ಕಟಕಟ ಕಡಿದು, ಮೇಲೆ ಒಂದು ತಂಬಿಗೆ ಮಜ್ಜಿಗೆ ಕುಡಿದು ಹೊಲಕ್ಕೆ ಹೋಗುವನು. ಮಾಳವ್ವ ತನ್ನ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಗನ ಹಿಂದೆ ಹೊರಡುವಳು. ಸಂಜೆ ಹಾಲವ್ವ ಬಂದು "ಅತ್ತೀ, ಉಂಡ್ರಿಲ್ಲ?" ಎಂದು ಕೇಳುವಳು. "ಉಂಡೆ ಯವ್ವಾ, ಉಂಡೆ" ಎನ್ನುವಳು ಮಾಳವ್ವ. ಕೇಳಿದ್ದೂ ಆಯಿತು, ಹೇಳಿದ್ದೂ ಆಯಿತು.

ಆಷಾಢದ ಒಂದು ಬೆಳಿಗ್ಗೆ ತಸ್ನೀಮ್ ತಮ್ಮ ಮೇಜಿನಿಂದಲೇ ಕೂಗಿದರು.

"ಹಾಲಕ್ಕಾ, ಬರ್ರಿ ಇಲ್ಲೆ. ನಲವತ್ತೊಂದನ್ನ ನೋಡ್ರಿ."

ನಲವತ್ತೊಂದು ಎಂದರೆ ಒಂದು ಮುದಿ ಹೋರಿಚಿಗರಿ. ಒಂದು ಕೋಡು ಅರ್ಧಕ್ಕೆ ಮುರಿದಿತ್ತು. ಹರೆಯದ ಗಂಡುಗಳು ಹಿಂಡಿನಿಂದ ಹೊರಹಾಕಿದ ಮೇಲೆ ಒಂಟಿಯಾಗಿ ಓಡಾಡಿಕೊಂಡಿತ್ತು. ಮೊದಲ ಮಳೆಯಾಗಿ ಕಾಡಿನಲ್ಲಿ ಹುಲ್ಲು ಎದ್ದಿದ್ದರೂ ಅದರ ಚುಕ್ಕಿ ಮಾತ್ರ ಕೆಂಪಾಗಿಯೇ ಇರುತ್ತಿತ್ತು. ಇದು ಹಾಲವ್ವನಿಗೂ ಗೊತ್ತು. ಆದರೆ ತಸ್ನೀಮ್ ತೋರಿಸಿದ್ದು ಬೇರೆ. ದಿನಾ ನಡುಹಗಲು, ಉಳಿದ ಚಿಗರಿಗಳೆಲ್ಲ ನೆರಳಿನಲ್ಲಿ ಮಲಗಿರುವ ಹೊತ್ತಿಗೆ, ನಲವತ್ತೊಂದು ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಕೆಂಪು ಹೋಗಿ ಹಳದಿಯಾಗುತ್ತಿತ್ತು.

"ಏನೋ ತಿನ್ನಾಕತ್ತೈತಿ. ಹುಲ್ಲಂತೂ ಅಲ್ಲ" ಎಂದರು ತಸ್ನೀಮ್. "ಹುಲ್ಲು ತಿಂದ್ರ ಹೊಟ್ಟ್ಯಾಗ ಹುಳಿ ಇಷ್ಟು ಏರೂದಿಲ್ಲ. ಇದು ಹಿಟ್ಟು. ಬೇಯಿಸಿದ ಹಿಟ್ಟು. ಯಾರೋ ಊಟ ಹಾಕಾಕತ್ತಾರ."

"ಯಾರ ಹೊಲರೀ ಮೇಡಂ ಅದು?" ಎಂದು ಕೇಳುತ್ತಲೇ ಹಾಲವ್ವ ನಕಾಶೆಯ ಮೇಲೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಹಳ್ಳದ ತಿರುವು, ಅದರ ಪಕ್ಕ ಶೇಖಪ್ಪನ ಹೊಲ, ನಡುವೆ ಬನ್ನಿಗಿಡವಿರುವ ಬದು. ಬದುವಿನ ಈಚೆಗಿನದು ತನ್ನದೇ ಹೊಲ.

"ನಾ ನೋಡ್ಕೊಂಡು ಬರ್ತೀನ್ರಿ" ಎಂದಳು.

ಬಿಸಿಲು ನೆತ್ತಿಗೇರಿತ್ತು. ಬೀರಪ್ಪ ಆ ದಿನ ಕುರಿಗೆ ಔಷಧ ತರಲು ಪೇಟೆಗೆ ಹೋಗಿದ್ದ. ಹಾಲವ್ವ ಹಳ್ಳದ ದಂಡೆ ಹಿಡಿದು ಸದ್ದಾಗದಂತೆ ಬಂದು ಜಾಲಿಯ ಮರೆಯಲ್ಲಿ ನಿಂತಳು. ಬನ್ನಿಗಿಡದ ನೆರಳಿನಲ್ಲಿ ಅವಳ ಅತ್ತೆ ಕಾಲು ಚಾಚಿ ಕೂತಿದ್ದಳು. ಮುಂದೊಂದು ಅಲ್ಯುಮಿನಿಯಂ ಬೋಗುಣಿ. ಅದರಲ್ಲಿ ನೀರಿಗೆ ಹಾಕಿ ಮೆತ್ತಗೆ ಮಾಡಿದ ರೊಟ್ಟಿಯ ಚೂರುಗಳು. ಒಂದು ಮಾರು ದೂರದಲ್ಲಿ ಮುರಿದ ಕೋಡಿನ ಚಿಗರಿ. ಬೆನ್ನಿನ ಕಪ್ಪು ಮಾಸಿ ಕಂದಿತ್ತು, ಪಕ್ಕೆಯ ಎಲುಬು ಒಂದೊಂದಾಗಿ ಕಾಣುತ್ತಿದ್ದವು. ಮಾಳವ್ವ ಎರಡು ಬೆರಳಿನಿಂದ ಒಂದಿಷ್ಟು ತೆಗೆದು ತಾನು ಬಾಯಿಗಿಟ್ಟುಕೊಂಡಳು. ಆಮೇಲೆ ಬೋಗುಣಿಯನ್ನು ಚಿಗರಿಯ ಕಡೆ ತಳ್ಳಿದಳು. ಅದು ಕತ್ತು ಚಾಚಿ ಎರಡು ತುತ್ತು ತಿಂದಿತು. ಅವಳು ಬೋಗುಣಿ ಹಿಂದಕ್ಕೆಳೆದುಕೊಂಡಳು.

"ತಡಿಯೋ ಮುತ್ಯಾ. ಈಗ ನನ್ನ ಪಾಳಿ" ಎಂದಳು, ಮನೆಯ ಅಜ್ಜನನ್ನು ಗದರುವ ಹಾಗೆ.

ಹಾಲವ್ವನಿಗೆ ನಗು ಬಂತು. ಬಂದ ನಗು ಅತ್ತೆಯ ಕೈ ನೋಡಿ ಅಲ್ಲೇ ನಿಂತಿತು. ಬಾಯಿಗೆ ಕೈ ಎತ್ತಿದಾಗಲೆಲ್ಲ ಹಸಿರು ಬಳೆಗಳು ಮೊಣಕೈತನಕ ಜಾರಿ ಹೋಗುತ್ತಿದ್ದವು. ಈ ಕೈ ಯಾವಾಗ ಇಷ್ಟು ಸಣ್ಣದಾಯಿತು?

ಅವಳು ಮುಂದೆ ಬಂದದ್ದೇ ಚಿಗರಿ ಹಾರಿ ಕಾಡಿನ ಕಡೆ ಹೋಯಿತು. ಮಾಳವ್ವ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು, ಕದ್ದು ಸಿಕ್ಕಿಬಿದ್ದವರ ಹಾಗೆ.

"ಏನತ್ತಿ ಇದು?"

"ಏನಿಲ್ಲ ತಗೋ. ಪಾಪ, ಅದಕ ಹಲ್ಲಿಲ್ಲ. ಹುಲ್ಲು ಹರೀತೈತಿ, ಅಗೀತೈತಿ, ಮತ್ತ ಉಗಳತೈತಿ. ನಾ ಒಂದಿನ ನೋಡಿದೆ. ಹೊಟ್ಟಿಗೆ ಒಂದೀಟು ಬಿದ್ರ ನಮ್ಮ ಬೆಳಿಗೆ ಬಾಯಿ ಹಾಕೂದಿಲ್ಲ ಅಂತ ಹಾಕ್ಕೋಂತ ಬಂದೆ."

"ಅದರದ್ದು ಬಿಡ್ರಿ. ನಿಮಗ?"

ಹಾಲವ್ವ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತು, ಕೂಸಿಗೆ ಹೇಳುವಂತೆ, "ಬಾಯಿ ತಗೀರಿ ನೋಡೂಣು" ಎಂದಳು. ಮುದುಕಿ ಮುಖ ತಿರುಗಿಸಿದಳು. ಮತ್ತೆ ತಾನಾಗಿಯೇ ತೆರೆದಳು. ದವಡೆಯ ಹಲ್ಲು ಒಂದೂ ಇರಲಿಲ್ಲ. ಮುಂದೆ ಎರಡೋ ಮೂರೋ ಅಲುಗಾಡುತ್ತಿದ್ದವು.

"ಕಟಕರೊಟ್ಟಿ ನಿಮಗ ಕಡ್ಯಾಕ ಬರೂದಿಲ್ಲ ಅಂತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕೆಲಸ ಬಿಡ್ತಿದ್ದಿ."

ಇಷ್ಟು ಹೇಳಿ ಮಾಳವ್ವ ಬೋಗುಣಿಯಲ್ಲಿ ಉಳಿದ ನೀರನ್ನು ಬನ್ನಿಗಿಡದ ಬುಡಕ್ಕೆ ಚೆಲ್ಲಿದಳು. "ಮನ್ಯಾಗ ನೆನಸ್ಕೊಂಡು ಉಂಡ್ರ ನಿನ್ನ ಕಣ್ಣಿಗೆ ಬೀಳ್ತೈತಿ. ಇಲ್ಲೆ ಯಾರು ನೋಡತಾರ? ನಾ ಅರ್ಧಾ, ಮುತ್ಯಾ ಅರ್ಧಾ. ಒಬ್ಬಕಿನ ಉಣ್ಣೂದಕ್ಕಿಂತ ಚಲೋ ಆತು."

ಊರಿನ ಕಾಡಿನ ಎಲ್ಲ ಚಿಗರಿಗಳ ಹೊಟ್ಟೆಯೂ ಹಾಲವ್ವನಿಗೆ ಗೊತ್ತಿತ್ತು. ಒಂದೇ ಮಾಡಿನ ಕೆಳಗೆ ಮಲಗುವ ಈ ಒಂದು ಹೊಟ್ಟೆ ಗೊತ್ತಿರಲಿಲ್ಲ. ಅವಳು ಅತ್ತೆಯ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು. ಗೋದಾಮಿಗೆ ಮರಳಿ ಹೋಗಲಿಲ್ಲ, ಕಂಡದ್ದನ್ನೆಲ್ಲ ತಸ್ನೀಮ್ ಅವರಿಗೆ ಫೋನಿನಲ್ಲೇ ಹೇಳಿದಳು. ಜೋಳದ ನುಚ್ಚು ಬೇಯಿಸಿ, ಹಾಲು ಹಾಕಿ ಕಿವುಚಿ ಬಟ್ಟಲಿಗೆ ಸುರಿದು ಕೊಟ್ಟಳು. ಮಾಳವ್ವ ಎರಡು ಬಟ್ಟಲು ಉಂಡಳು. ಮೂರನೆಯದು ಬೇಕೆನಿಸಿದರೂ ಸಂಕೋಚಪಟ್ಟುಕೊಂಡಳು. ಹಾಲವ್ವ ಕೇಳದೆ ಹಾಕಿದಳು.

ಸಂಜೆ ಬೀರಪ್ಪ ಬಂದ ಮೇಲೆ ಎಲ್ಲ ಹೇಳಿ, "ನಾ ಕೆಲಸ ಬಿಡ್ತೀನಿ" ಎಂದಳು.

ಬೀರಪ್ಪ ಮಾತು ಕಡಿಮೆಯವನು. ಒಲೆಯೊಳಗಿನ ಕಟ್ಟಿಗೆಯನ್ನು ಮುಂದಕ್ಕೆ ನೂಕಿದ. "ದಿನಾ ಅವ್ವನ ಕೂಡನ ಹೊಲಕ್ಕ ಹೋಗತೀನಿ. ನನ್ನ ಕಣ್ಣಿಗೂ ಬೀಳಲಿಲ್ಲ" ಎಂದ. ಆಮೇಲೆ, "ನುಚ್ಚು ಕುದಸೂದು ಏನ್ ದೊಡ್ಡ ವಿದ್ಯಾ? ನಸಿಕಿನ್ಯಾಗ ನಾ ಇಡ್ತೀನಿ. ನೀ ಹೋಗು" ಎಂದು ಎದ್ದು ಕೊಟ್ಟಿಗೆಗೆ ಹೋದ.

ಮರುದಿನ ಹಾಲವ್ವ ಗೋದಾಮಿನ ಬಾಗಿಲು ತೆರೆಯುವಷ್ಟರಲ್ಲಿ ಶೇಖಪ್ಪ ಬಂದು ನಿಂತಿದ್ದ. ಅವನ ಕೈಯಲ್ಲಿ ಸುಳಿ ಕಡಿದ ಗೋವಿನಜೋಳದ ಸಸಿಗಳ ಹಿಡಿ. ಹಿಂದೆ ಇನ್ನೂ ನಾಲ್ಕಾರು ಜನ.

"ತಂಗೀ, ನಿನ್ನ ಫೋನ್ ಯಾಕ ಬರಲಿಲ್ಲ?" ಎಂದ. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು ಆ ದನಿಯಲ್ಲಿ. "ಈ ಹೊಲದ ಬೆಳಿ ಒಮ್ಮೆ ಕಳಕೊಂಡು ಮತ್ತ ಬಿತ್ತೀನಿ. ನಿನ್ನ ಫೋನ್ ನಂಬಿ ಕಾವಲು ಬಿಟ್ಟೆ. ಬದುವಿನ ಗುಂಟ ಸಾಲಿಗೆ ಸಾಲ ಹೋಗೇತಿ. ಮುರುಕ ಕೋಡಿಂದು, ನಾನ ಕಣ್ಣಾರೆ ಕಂಡೆ. ಅದನ್ನ ಹಿಡಿಸಿ ಎಲ್ಲಿಗಾದ್ರೂ ಒಯ್ಯಿರಿ. ಇಲ್ಲಂದ್ರ ಈ ಕಂಬ ಕಿತ್ತುಕೊಂಡು ಹೋಗ್ರಿ."

ತಸ್ನೀಮ್ ಪರದೆಯ ಮುಂದೆ ಕೂತು ಹಿಂದಿನ ದಿನಗಳ ಗುರುತನ್ನು ತೆರೆದರು. ನೋಡುತ್ತಿದ್ದಂತೆ ಅವರಿಗೂ ಹಾಲವ್ವನಿಗೂ ಒಟ್ಟಿಗೇ ಅರ್ಥವಾಯಿತು. ಪರದೆ ಎಚ್ಚರಿಸುತ್ತಿದ್ದದ್ದು ಕೆಂಪು ಚುಕ್ಕಿಗಳಿಗೆ ಮಾತ್ರ. ಮಧ್ಯಾಹ್ನ ರೊಟ್ಟಿ ತಿಂದು ಹಳದಿಯಾದ ನಲವತ್ತೊಂದು, ಹಸಿದಿಲ್ಲ ಎಂಬ ಲೆಕ್ಕದಲ್ಲಿ ಯಾರ ಕಣ್ಣಿಗೂ ಬೀಳದೆ ಬದು ದಾಟಿ ಶೇಖಪ್ಪನ ಹೊಲಕ್ಕೆ ಇಳಿದಿತ್ತು. ಅರ್ಧ ರೊಟ್ಟಿಯಿಂದ ಆ ಹೊಟ್ಟೆ ತುಂಬಿರಲಿಲ್ಲ. ಯಂತ್ರವನ್ನು ಸುಮ್ಮನಾಗಿಸುವಷ್ಟು ಮಾತ್ರ ಬಿದ್ದಿತ್ತು.

ಹೇಳದೆ ಇದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಸ್ನೀಮ್ ಹಾಲವ್ವನ ಕಡೆ ನೋಡಿದರು. ಹಾಲವ್ವ ಶೇಖಪ್ಪನ ಎದುರು ಬಂದು ನಿಂತಳು.

"ಅಣ್ಣಾ, ತಪ್ಪು ನಮ್ಮ ಮನೀದು" ಎಂದಳು. "ನಮ್ಮತ್ತಿ ಅದಕ ದಿನಾ ರೊಟ್ಟಿ ಹಾಕ್ಯಾಳ. ಬೆಳಿ ಉಳಿಯಲಿ ಅಂತ ಹಾಕಿದ್ದು. ನಮ್ಮದು ಉಳೀತು, ನಿಮ್ಮದು ಹೋತು."

ಹಿಂದೆ ನಿಂತವರಲ್ಲಿ ಗುಸುಗುಸು ಎದ್ದಿತು. ಶೇಖಪ್ಪ ಕೈಯಲ್ಲಿದ್ದ ಸಸಿಗಳನ್ನು ಮೇಜಿನ ಮೇಲಿಟ್ಟ. "ಮಾಳತ್ತೆ ಹಾಕಿದ್ಲಾ?" ಎಂದ. ಅವಳ ಹೆಸರು ಕೇಳಿದ ಮೇಲೆ ಬೈಯಲು ಅವನಿಗೆ ಬಾಯಿ ಬರಲಿಲ್ಲ.

ಆಗ ತಸ್ನೀಮ್ ಎದ್ದು ನಿಂತರು. "ಶೇಖಪ್ಪಣ್ಣಾರ, ಹಿಡ್ಯಾಕ ಹೋದ್ರ ಇವು ಉಳಿಯೂದಿಲ್ಲ. ಬಲೆ ಮೈಮ್ಯಾಲ ಬಿದ್ದ್ರ ಅಂಜಿಕಿಗೇ ಸಾಯತಾವ. ಅದಿರಲಿ, ನೀವು ಒಂದು ಸಲ ಇದನ್ನ ನೋಡ್ರಿ" ಎಂದು ಪರದೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಒಂದು ಹರೆಯದ ಚಿಗರಿ ಮೆಲುಕು ಹಾಕುವ ಗೆರೆ, ಬಿಡದೆ ಏರಿಳಿಯುತ್ತ ದಟ್ಟವಾಗಿತ್ತು. ಇನ್ನೊಂದು ನಲವತ್ತೊಂದರದು. ಅಲ್ಲೊಂದು ಇಲ್ಲೊಂದು ಏರು, ಉಳಿದಂತೆ ಬರೀ ಚಪ್ಪಟೆ. "ಹಲ್ಲು ಸವದಾವ. ಒರಟು ಹುಲ್ಲು ಅಗಿಯಾಕ ಆಗಂಗಿಲ್ಲ. ಇಂಥವು ಇನ್ನೂ ಐದಾರು ಅದಾವ, ರಾತ್ರಿಯೆಲ್ಲ ಕುಂತು ಹುಡುಕೀನಿ. ಅಟ್ಟಿದ್ರೂ ಅಟ್ಟಿದ್ರೂ ಮತ್ತ ಮತ್ತ ಹೊಲಕ್ಕ ಬರೂವು ಇವ. ಇಷ್ಟು ದಿನ ನಾ ಹೊಟ್ಟಿ ಒಂದ ನೋಡಿದೆ. ಬಾಯಿ ನೋಡಬೇಕಾಗಿತ್ತು."

ಶೇಖಪ್ಪ ಪರದೆಯ ಹತ್ತಿರ ಹೋಗಿ ಚಪ್ಪಟೆ ಗೆರೆಯ ಮೇಲೆ ಬೆರಳಾಡಿಸಿದ.

"ನಮ್ಮಪ್ಪ ಹಲ್ಲು ಹೋದ ಎತ್ತಿಗೆ ಹಸೇ ಅಲಸಂದಿ ಸೊಪ್ಪು ಸಣ್ಣಾಗಿ ಕೊಚ್ಚಿ ಹಾಕತಿದ್ದ" ಎಂದ, ಯಾರಿಗೆಂದಿಲ್ಲದೆ. "ಕಸಾಯಿಗೆ ಕೊಡು ಅಂತ ಎಲ್ಲಾರೂ ಅಂದ್ರು. ಕೊಡಲಿಲ್ಲ." ತಸ್ನೀಮ್ ಕಡೆ ತಿರುಗಿದ. "ಮೆತ್ತಂದು ಏನರ ಕಾಡಿನ್ಯಾಗ ಬೆಳದ್ರ ಬರೂದು ಬಿಡ್ತಾವೇನ್ರಿ?"

"ಬಿಡ್ತಾವಂತ ಮಾತು ಕೊಡಾಕ ಆಗಂಗಿಲ್ಲ. ಕಡಿಮಿ ಆಗಬಹುದು" ಎಂದರು ತಸ್ನೀಮ್.

ನೀರಿನ ಹೊಂಡದ ಪಕ್ಕದ ಬಯಲಿನಲ್ಲಿ ಕುದುರೆ ಮೆಂತ್ಯ, ಅಲಸಂದಿಯಂಥ ಮೆತ್ತನೆಯ ಮೇವು ಬಿತ್ತುವುದೆಂದು ಮಾತಾಯಿತು. ಅರಣ್ಯದವರನ್ನು ಒಪ್ಪಿಸುವ ಓಡಾಟ ತಸ್ನೀಮ್ ಅವರದ್ದು. ನೀರು ಶೇಖಪ್ಪನ ಬೋರಿನಿಂದ, ಯಾಕೆಂದರೆ ಹತ್ತಿರದ್ದು ಅದೊಂದೇ. "ಅಲ್ಲೀತನಕ ನನ್ನ ಹೊಲಾ ಕಾಯೂರು ಯಾರು?" ಎಂದು ಅವನು ಕೇಳಿದಾಗ, ಹಾಲವ್ವನ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ ಬೀರಪ್ಪ, "ನಾ ಬಂದು ನಿಂದರ್ತೀನಿ" ಎಂದ. ಬಯಲು ಹಸಿರಾಗುವವರೆಗೂ ಅವನು ದಿನಾ ಮಧ್ಯಾಹ್ನ ತನ್ನ ಹೊಲ ಬಿಟ್ಟು ಶೇಖಪ್ಪನ ಬದುವಿನ ಮೇಲೆ ನಿಂತ.

ಎಲ್ಲಕ್ಕಿಂತ ಕಷ್ಟದ ಕೆಲಸ ಉಳಿದಿತ್ತು. ಅದನ್ನು ಮಾಡಲು ತಸ್ನೀಮ್ ತಾವೇ ಹಾಲವ್ವನ ಮನೆಗೆ ಬಂದರು. ಮಾಳವ್ವ ಹಾಸಿದ ಕಂಬಳಿಯ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟ ಮೇಲೆ ಹೇಳಿದರು.

"ಅಜ್ಜೀ, ಇನ್ನ ಮುಂದ ಅದಕ ರೊಟ್ಟಿ ಹಾಕಬ್ಯಾಡ್ರಿ."

"ಯಾಕಮ್ಮಾ? ವರ್ಷಾ ಚರಗ ಚೆಲ್ಲೂ ಮಂದಿ ನಾವು. ಹೊಲದಾಗಿನ ಹುಳಾ ಹುಪ್ಪಡಿಗೂ ಉಣ್ಣಾಕ ಇಡತೀವಿ."

"ಚರಗ ವರ್ಷಕ್ಕೊಮ್ಮೆ ಅಜ್ಜಿ. ನೀವು ದಿನಾ ಹಾಕೀರಿ. ಹಿಟ್ಟು ಅದರ ಹೊಟ್ಟ್ಯಾಗ ಹುಳಿ ಆಗತೈತಿ. ಹುಳಿ ಏರಿ ಏರಿ ಕಡೀಕ ಹೊಟ್ಟಿ ಮೇವು ಕಡೆಯೂದ ನಿಂತುಬಿಡತೈತಿ."

ಮಾಳವ್ವನ ಮುಖ ಸಣ್ಣದಾಯಿತು. "ಹಂಗಾರ ನಾ ವಿಷಾ ಹಾಕಿದ್ನೇನು?"

ತಸ್ನೀಮ್ ಮುಂದೆ ಸರಿದು ಅವಳ ಕೈ ಹಿಡಿದರು. "ಇಲ್ಲಜ್ಜಿ. ಕಡು ಬ್ಯಾಸಿಗ್ಯಾಗ ನೀವು ಹಾಕಿದ್ದಕ್ಕ ಅದು ಇಷ್ಟು ದಿನ ಉಳದೈತಿ. ಇನ್ನ ಹಾಕಿದ್ರ ಉಳಿಯೂದಿಲ್ಲ. ಎರಡೂ ಖರೇನ."

ಮಾರನೆಯ ದಿನದಿಂದ ಮಾಳವ್ವ ಹೊಲಕ್ಕೆ ಹೋಗಲಿಲ್ಲ. ಹೋದರೆ ಕೈ ತಡೆಯುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು.

ಗೋದಾಮಿನಲ್ಲಿ ಹಾಲವ್ವನಿಗೆ ನಡುಹಗಲೆಂದರೆ ಸಂಕಟವಾಯಿತು. ನಲವತ್ತೊಂದು ದಿನಾ ಬನ್ನಿಗಿಡದ ತನಕ ಬರುತ್ತಿತ್ತು. ಅಲ್ಲೇ ನಿಲ್ಲುತ್ತಿತ್ತು. ಬೀರಪ್ಪ ಚಪ್ಪಾಳೆ ತಟ್ಟಿದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ನಿಲ್ಲುತ್ತಿತ್ತು. ಚುಕ್ಕಿ ಕೆಂಪಾಗಿಯೇ ಬಂದು, ಕೆಂಪಾಗಿಯೇ ಹಿಂದಿರುಗುತ್ತಿತ್ತು. ಹೊಂಡದ ಬಳಿ ಮೊಳಕೆ ಇನ್ನೂ ಬೆರಳೆತ್ತರ.

ಸಂಜೆ ಮನೆಗೆ ಬಂದರೆ ಮಾಳವ್ವ ನುಚ್ಚಿನ ಬಟ್ಟಲು ಮುಂದಿಟ್ಟುಕೊಂಡು ಕಾಯುತ್ತಿರುವಳು.

"ಮುತ್ಯಾ ಉಂಡನ?"

"ಉಂಡ ಅತ್ತಿ."

ಆಗ ಮಾಳವ್ವ ಊಟಕ್ಕೆ ಕೈ ಹಾಕುವಳು. ಕೆಲವು ದಿನ ಹೀಗೇ ನಡೆಯಿತು. ಒಂದು ಸಂಜೆ ಹಾಲವ್ವ "ಉಂಡ" ಎಂದು ಚಪ್ಪಲಿ ಬಿಡುತ್ತಿರುವಾಗ ಮಾಳವ್ವ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಹಾಲವ್ವಾ, ಬಾ ಇಲ್ಲೆ ಕುಂದರು. ಇಡೀ ಬ್ಯಾಸಗಿ ನಾ ನಿನಗ ಉಂಡೆ, ಉಂಡೆ ಅಂತ ಸುಳ್ಳ ಹೇಳೀನಿ. ಆ ದನಿ ನನಗ ಗೊತ್ತಾಗೂದಿಲ್ಲೇನು?"

ಹಾಲವ್ವ ಅತ್ತೆಯ ಮೊಣಕಾಲಿಗೆ ತಲೆಯಿಟ್ಟು ಅತ್ತುಬಿಟ್ಟಳು. ದಿನಾ ಬಂದು ನಿಂತು ಹೋಗುವುದನ್ನು ಹೇಳಿದಳು. ಮಾಳವ್ವ ಅವಳ ತಲೆ ಸವರುತ್ತ ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡಳು.

"ಇನ್ನ ಮ್ಯಾಲ ಇಬ್ಬರೂ ಸುಳ್ಳ ಹೇಳೂದು ಬ್ಯಾಡ" ಎಂದಳು. "ಅದು ಹಸದೈತಿ ಅಂತ ನಾ ಉಪವಾಸ ಬೀಳೂದಿಲ್ಲ. ನೀ ಕುದಿಸಿದ್ದು ನಾ ಉಣತೀನಿ. ಆದ್ರ ನನಗ ಗೊತ್ತಿರಲಿ."

ಶ್ರಾವಣದ ಜಿಟಿಜಿಟಿ ಮಳೆಗೆ ಹೊಂಡದ ಬಯಲು ಹಸಿರಾಯಿತು. ಶೇಖಪ್ಪ ನೀರು ಬಿಟ್ಟ, ಬೈದುಕೊಳ್ಳುತ್ತಲೇ ಬಿಟ್ಟ. ಮೊದಲು ಬಂದವು ಮರಿ ಹಾಕಿದ ಹೆಣ್ಣು ಚಿಗರಿಗಳು. ನಲವತ್ತೊಂದು ದೂರದಲ್ಲೇ ಸುಳಿದಾಡಿ ಹೋಯಿತು, ಹತ್ತಿರ ಬರಲಿಲ್ಲ. ಹರೆಯದ ಗಂಡುಗಳ ಅಂಜಿಕೆ ಇನ್ನೂ ಇತ್ತೇನೋ. ಒಂದು ಮಧ್ಯಾಹ್ನ ಅದು ಬನ್ನಿಗಿಡದ ಬಳಿ ಬಂದು ನಿಂತಿತು, ಮಳೆ ಜೋರಾಯಿತು, ಅದು ಹಿಂದೆ ತಿರುಗಿತು. ಹಾಲವ್ವ ಪರದೆಯ ಮುಂದೆ ಎದ್ದು ನಿಂತಳು. ಚುಕ್ಕಿ ನಿಧಾನವಾಗಿ ಹೊಂಡದ ದಂಡೆ ಹತ್ತಿತು. ಉಳಿದ ಚುಕ್ಕಿಗಳೆಲ್ಲ ಮಳೆಗೆ ಮರಗಳಡಿ ಸೇರಿದ್ದವು. ಬಯಲು ಖಾಲಿಯಿತ್ತು. ಚುಕ್ಕಿ ಅಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ತಸ್ನೀಮ್ ಹಿಂದೆ ಬಂದು ಅವಳ ಭುಜ ಹಿಡಿದುಕೊಂಡದ್ದು ಹಾಲವ್ವನಿಗೆ ಗೊತ್ತೇ ಆಗಲಿಲ್ಲ. ಕೆಂಪು ಕಂದಿತು, ಕಿತ್ತಳೆಯಾಯಿತು. ಆಮೇಲೆ ಹಳದಿ.

ಹಾಲವ್ವ ಮನೆಗೆ ಫೋನು ಮಾಡಿದಳು. ರೈತರನ್ನು ಎಬ್ಬಿಸುವ ಅದೇ ಗಂಟಲಿನಲ್ಲಿ, "ಅತ್ತೀ, ಮುತ್ಯಾ ಉಣ್ಣಾಕತ್ತಾನ!" ಎಂದು ಕೂಗಿದಳು. ಫೋನು ಕಿವಿಯಿಂದ ದೂರ ಹಿಡಿದಿದ್ದ ಮಾಳವ್ವನ ಪುಣ್ಯದಿಂದ ಓಣಿಗೆಲ್ಲ ಕೇಳಿಸಿತು.

ಚಿಗರಿಗಳು ಹೊಲಕ್ಕೆ ಬರುವುದು ನಿಲ್ಲಲಿಲ್ಲ. ನಿಲ್ಲುತ್ತದೆಂದು ಯಾರೂ ಹೇಳಿರಲೂ ಇಲ್ಲ. ಆದರೆ ಅಟ್ಟಿದರೂ ಮರಳುವ ಹಟಮಾರಿಗಳು ಕಡಿಮೆಯಾದವು, ಮೆಲುಕಿನ ಗೆರೆ ಚಪ್ಪಟೆಯಾದರೂ ಪರದೆ ಎಚ್ಚರಿಸುವಂತೆ ತಸ್ನೀಮ್ ಮಾಡಿದರು, ಶೇಖಪ್ಪನ ಹೊಲದಲ್ಲಿ ಉಳಿದ ಗೋವಿನಜೋಳ ತೆನೆ ಕಟ್ಟಿತು. ಅವನು ಎರಡು ಎಳೆ ತೆನೆ ತಂದು ಮಾಳವ್ವನ ಮುಂದಿಟ್ಟ. "ಕುದಿಸಿ ಅರದು ಮಾಳತ್ತೆಗೆ ಕೊಡು, ಹಂಗ ಕಡ್ಯಾಕ ಆಗಂಗಿಲ್ಲ" ಎಂದು ಹಾಲವ್ವನಿಗೆ ಹೇಳಿ ಹೋದ.

ಮುದಿ ಚಿಗರಿ ಮಳೆಗಾಲ ಕಳೆಯಿತು, ಸುಗ್ಗಿಯನ್ನೂ ಕಂಡಿತು. ಚಳಿ ಬಲಿತ ಮೇಲೆ ಓಡಾಟ ಕಡಿಮೆ ಮಾಡಿ ಹೊಂಡದ ಸುತ್ತಲೇ ಇರತೊಡಗಿತು. ಒಂದು ಇಳಿಹೊತ್ತು ತಸ್ನೀಮ್ ಹಾಲವ್ವನನ್ನು ಪರದೆಯ ಹತ್ತಿರ ಕರೆದರು. ನಲವತ್ತೊಂದರ ಮೈಬಿಸಿ ಇಳಿಯುತ್ತಿತ್ತು. ಅಲಸಂದಿಯ ಸಾಲಿನ ಪಕ್ಕ ಮಲಗಿತ್ತು, ಏಳುತ್ತಿರಲಿಲ್ಲ.

"ರೋಗೇನ್ರಿ?"

"ಅಲ್ಲ. ವಯಸ್ಸು. ಇಷ್ಟು ವಯಸ್ಸಾಗೂತನಕ ಕಾಡಿನ್ಯಾಗ ಯಾವುದೂ ಉಳಿಯೂದಿಲ್ಲ ಹಾಲಕ್ಕಾ."

"ಹೊಟ್ಟಿ?"

"ನೀವ ನೋಡ್ರಿ."

ಚುಕ್ಕಿ ಹಸಿರಾಗಿತ್ತು. ಮೆಲುಕಿನ ಗೆರೆ ಒಂದು ಸಲ ಎದ್ದಿತು, ಇನ್ನೊಂದು ಸಲ ಸಣ್ಣಗೆ ಎದ್ದಿತು. ಹೊಟ್ಟೆಯ ಕಡೆತ ನಿಂತ ಮೇಲೆ ಗುಂಡಿಗೆ ವಿದ್ಯುತ್ತು ಎಲ್ಲಿಯದು? ಚುಕ್ಕಿ ಹಸಿರು ಇದ್ದಂತೆಯೇ ಆರಿತು. ಇಬ್ಬರೂ ಆ ಖಾಲಿ ಜಾಗವನ್ನು ನೋಡುತ್ತ ಕೂತರು. ಆಮೇಲೆ ತಸ್ನೀಮ್ ತಮ್ಮ ಶಾಲನ್ನು ಹಾಲವ್ವನ ಹೆಗಲಿಗೆ ಹೊದಿಸಿ, "ಚಳಿ ಐತಿ. ಮನಿಗೆ ಹೋಗ್ರಿ" ಎಂದರು.

ಮನೆಯಲ್ಲಿ ಒಲೆ ಉರಿಯುತ್ತಿತ್ತು. ಬೀರಪ್ಪ ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದ. ಮಾಳವ್ವ ಗೋಡೆಗೊರಗಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನುಚ್ಚಿನಿಂದ ಹಬೆ ಏಳುತ್ತಿತ್ತು. ಈಚೆಗೆ ಅವಳ ಗಲ್ಲ ತುಂಬಿಕೊಂಡಿದ್ದವು.

"ಮುತ್ಯಾ ಉಂಡನ?"

"ಉಂಡಾನ ಅತ್ತಿ" ಎಂದಳು ಹಾಲವ್ವ. "ಇವತ್ತ ಹೊಟ್ಟಿ ತುಂಬ ಉಂಡಾನ."

ಮಾಳವ್ವ ಆ ದನಿಯನ್ನು ಕೇಳಿದಳು. ಸುಳ್ಳಿರಲಿಲ್ಲ. ಆದರೆ ದನಿ ಒಡೆದಿತ್ತು. ಅವಳು ಕತ್ತೆತ್ತಿ ಸೊಸೆಯ ಮುಖವನ್ನೂ, ಹೆಗಲ ಮೇಲಿನ ಬೇರೆಯವರ ಶಾಲನ್ನೂ ನೋಡಿದಳು.

"ಮತ್ತ್ಯಾಕ ಕಣ್ಣಾಗ ನೀರು?"

"ಮೊದಲ ನೀವು ಉಣ್ರಿ. ಆಮ್ಯಾಲ ಹೇಳತೀನಿ."

ಮಾಳವ್ವ ಇನ್ನೇನೂ ಕೇಳಲಿಲ್ಲ. ನುಚ್ಚು ಕಲಸಿ, ಒಂದೊಂದೇ ತುತ್ತು ನಿಧಾನವಾಗಿ, ಎಲ್ಲಿಯೂ ನಿಲ್ಲಿಸದೆ ಉಂಡಳು. ಹಾಲವ್ವ ಎದುರಿಗೆ ಕೂತು ನೋಡುತ್ತಲೇ ಇದ್ದಳು. ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು ತಿಂದು, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡ ಮೇಲೆ ಮಾಳವ್ವ ಸೊಸೆಯ ಹತ್ತಿರಕ್ಕೆ ಜರುಗಿ ಕೂತಳು.

"ಹೂಂ. ಈಗ ಹೇಳು."